ಜಾಣೆ ಅನ್ನೋದಕ್ಕೆ ಇನ್ನೊಂದು ಪದ: 150 ರೂಪಾಯಿ ಪದಕೋಶ ತಗೊಂಡ ಕಥೆ

ಬಾಗಲಕೋಟೆ ನವನಗರದ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಹೋದ ತಿಂಗಳು ಒಂದು ಸಮಾನಾರ್ಥಕ ಪದಕೋಶ ತಗೊಂಡೆ. ಅಂಗಿ ಜೇಬಿನಲ್ಲಿ ಹಿಡಿಯುವಷ್ಟು ಸಣ್ಣದು, 150 ರೂಪಾಯಿ. ಪಿಡಿಓ, ಎಫ್‌ಡಿಎ ಥರದ ಸರ್ಕಾರಿ ನೌಕರಿ ಪರೀಕ್ಷೆ ಬರೆಯೋ ಹುಡುಗರಿಗಾಗಿ ಮಾಡಿದ್ದು. ಹೆಸರು ಬರೆಯಲ್ಲ, ಬೈಯೋದು ಸ್ವಲ್ಪ ಜಾಸ್ತಿ ಇದೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಹತ್ತನೇ ತರಗತಿ ಹುಡುಗಿಯೊಬ್ಬಳಿಗೆ ಸ್ಕಾಲರ್‌ಶಿಪ್‌ಗೆ ಶಿಫಾರಸು ಪತ್ರ ಬರೆದುಕೊಡಬೇಕಿತ್ತು. ಬುದ್ಧಿವಂತೆ, ಪ್ರತಿಭಾವಂತೆ ಅಂತ ಎಲ್ಲರ ಪತ್ರದಲ್ಲೂ ಬರೆದು ಬರೆದು ಆ ಪದಗಳು ಸವೆದು ಹೋಗಿವೆ. ಅದೂ ಅಲ್ಲದೆ ಇವಳು ಮಾರ್ಕ್ಸಿನಲ್ಲಿ ಮುಂದಿರುವವಳಲ್ಲ, ಪದ್ಯ ಬಾಯಿಪಾಠ ಮಾಡು ಅಂದರೆ ನಾಲ್ಕನೇ ಸಾಲಿಗೆ ನಿಂತುಬಿಡ್ತಾಳೆ. ಅವಳ ಗುಣ ಬೇರೆ. ಒಮ್ಮೆ ತರಗತಿಯಲ್ಲಿ ಆಲಮಟ್ಟಿ ಅಣೆಕಟ್ಟಿನ ಬಗ್ಗೆ ಚರ್ಚೆ ಇಟ್ಟಿದ್ದೆ, 519.60 ಮೀಟರಿನಿಂದ 524.256ಕ್ಕೆ ನೀರು ನಿಲ್ಲಿಸಬೇಕೋ ಬೇಡವೋ ಅಂತ. ನವನಗರ ಹುಟ್ಟಿದ್ದೇ ಆ ಹಿನ್ನೀರಿನಲ್ಲಿ ಮನೆ ಮುಳುಗಿದವರಿಗಾಗಿ, ಇಲ್ಲಿ ಈ ವಿಷಯ ತೆಗೆದರೆ ಯಾರೂ ತಣ್ಣಗೆ ಮಾತಾಡಲ್ಲ. ಹತ್ತು ನಿಮಿಷ ಬರೀ ಗದ್ದಲ. ಆಮೇಲೆ ಇವಳು ಎದ್ದು, "ಸರ್ರೀ, ನೀರು ಎಷ್ಟು ಸಿಗತೈತಿ ಅನ್ನೋದು ಒಂದು ಪ್ರಶ್ನೆ. ಮನಿ, ಹೊಲ ಹೋದವರಿಗೆ ಏನ್ ಕೊಡ್ತಾರ ಅನ್ನೋದು ಇನ್ನೊಂದು. ಇವರು ಮೊದಲನೇದು ಮಾತಾಡಾಕತ್ತಾರ, ಅವರು ಎರಡನೇದು. ಅದಕ್ಕ ಜಗಳ ಮುಗಿವಲ್ದು" ಅಂದಳು. ಇಂಥವರಿಗೆ ಏನನ್ನಬೇಕು?

ಪದಕೋಶದಲ್ಲಿ 'ತಾರ್ಕಿಕ' ತೆಗೆದೆ. ಸಕಾರಣ, ಯುಕ್ತಿಯುಕ್ತ, ಸುಸಂಬದ್ಧ, ವಿಚಾರವಾದಿ. ಅಷ್ಟೇ, ಒಂದರ ಪಕ್ಕ ಒಂದು, ಸಂತೆಯಲ್ಲಿ ಉಳ್ಳಾಗಡ್ಡಿ ಸುರಿದ ಹಾಗೆ. ಯಾವುದನ್ನು ಎಲ್ಲಿ ಬಳಸಬೇಕು ಅಂತ ಒಂದು ಸಾಲೂ ಇಲ್ಲ. ಯುಕ್ತಿ ಅಂದರೆ ನಮ್ಮ ಮಾತಿನಲ್ಲಿ ಉಪಾಯ, ಕೆಲವು ಸಲ ಮಸಲತ್ತು. ವಿಚಾರವಾದಿ ಅಂತ ಬರೆದರೆ ಪತ್ರ ಓದುವವರು ಹುಡುಗಿ ದೇವರನ್ನು ನಂಬಲ್ಲ ಅಂದುಕೊಳ್ಳಬಹುದು, ನಂಬದಿದ್ದರೆ ತಪ್ಪೇನೂ ಇಲ್ಲ ಬಿಡಿ, ಆದರೆ ನಾನು ಹೇಳಬೇಕಾದದ್ದು ಅದಲ್ಲ. ಸುಸಂಬದ್ಧ ಚೆನ್ನಾಗಿದೆ, ಆದರೆ ಅದು ಮಾತಿಗೆ, ಬರಹಕ್ಕೆ ಹೊಂದುತ್ತದೆ, ಮನುಷ್ಯರಿಗಲ್ಲ. ತಮಾಷೆ ನೋಡಿ, ಅಸಂಬದ್ಧ, ಅವಿವೇಕಿ ಅಂತ ಬೈಯೋಕೆ ನಮಗೆ ನಾಲಿಗೆ ತುದಿಯಲ್ಲೇ ಪದ ಇದೆ. ಹೊಗಳೋಕೆ ಬಂದಾಗ ಪುಸ್ತಕ ತೆಗೀಬೇಕು. ತರ್ಕ ಅನ್ನೋದನ್ನೂ ಮನೆಯಲ್ಲಿ ಬೈಗುಳ ಮಾಡಿಬಿಟ್ಟಿದ್ದೇವೆ, "ಭಾಳ ತರ್ಕ ಮಾಡಬ್ಯಾಡ, ಸುಮ್ನ ಉಣ್ಣು" ಅಂತ. ಶಾಣ್ಯಾ ಅನ್ನೋದಕ್ಕೂ ಅದೇ ಗತಿ.

ವಿವೇಕ, ವಿವೇಚನೆ ಎರಡಕ್ಕೂ ಈ ಪುಸ್ತಕದಲ್ಲಿ ಒಂದೇ ಸಾಲು: ಬುದ್ಧಿ, ಜ್ಞಾನ, ತಿಳಿವಳಿಕೆ. ಇಲ್ಲಿ ನನಗೆ ನಿಜವಾಗಿ ಸಿಟ್ಟು ಬಂತು. ಆ ಪದಗಳ ಮೂಲದಲ್ಲಿ ಇರೋದೇ ಬೇರ್ಪಡಿಸುವುದು ಅನ್ನೋ ಅರ್ಥ. ಕೂಡಿಕೊಂಡದ್ದನ್ನು ಬೇರೆ ಬೇರೆ ಮಾಡಿ ನೋಡೋದು. ಆ ಹುಡುಗಿ ಮಾಡಿದ್ದು ಅದನ್ನೇ ಅಲ್ವಾ?

ಪದಕೋಶ ಸಣ್ಣದು, ಇಷ್ಟೆಲ್ಲ ಕೇಳಬಾರದು ಅಂತೀರೇನೋ. ಸಂಸ್ಕೃತದ ಹಳೇ ಪದಕೋಶ ಅಮರಕೋಶವೂ ಬಾಯಿಪಾಠಕ್ಕೆ ಅಂತ ಶ್ಲೋಕದಲ್ಲಿ ಕಟ್ಟಿದ್ದು. ಅದರಲ್ಲಿ ಬುದ್ಧಿಗೆ ಮನೀಷಾ, ಧೀ, ಪ್ರಜ್ಞಾ, ಶೇಮುಷೀ, ಮತಿ ಅಂತ 14 ಹೆಸರು ಹೇಳಿ, ಹಿಂದೆಯೇ ನೆನಪಿಟ್ಟುಕೊಳ್ಳುವ ಧೀ ಇದ್ದರೆ ಅದು ಮೇಧಾ ಅಂತ ಬೇರೆ ಮಾಡಿ ಹೇಳ್ತಾರೆ. ಮೂರೇ ಪದದಲ್ಲಿ! ಆ ಲೆಕ್ಕದಲ್ಲಿ ಪದ್ಯ ಮರೆಯೋ ನಮ್ಮ ಹುಡುಗಿ ಮೇಧಾವಿ ಅಲ್ಲ. ಇಂಗ್ಲಿಷಿನಲ್ಲಿ ರೋಜೆಟ್ 1852ರಲ್ಲಿ ತಂದ ಥೆಸಾರಸ್, ಅಂದರೆ ಸಮಾನಾರ್ಥಕ ಕೋಶ, ಕೂಡ ಪದಗಳನ್ನು ಅರ್ಥದ ಪ್ರಕಾರ ಗುಂಪು ಮಾಡಿತ್ತು. ನಮ್ಮ ಈ ಪುಸ್ತಕ ಅಕಾರಾದಿಯಾಗಿ ಜೋಡಿಸಿ ಕೈ ತೊಳೆದುಕೊಂಡಿದೆ.

ಒಳ್ಳೇದು ಏನೂ ಇಲ್ಲ ಅಂತಲ್ಲ. 'ಸ್ಪಷ್ಟ'ದ ಎದುರು ನಿಚ್ಚಳ, ವಿಶದ, ಸ್ಫುಟ ಸಿಕ್ಕವು. ನಿಚ್ಚಳ ಅನ್ನೋ ಪದ ನಾನೇ ಮರೆತಿದ್ದೆ. ಪರೀಕ್ಷೆಯಲ್ಲಿ ಒಂದು ಮಾರ್ಕಿಗೆ ಟಿಕ್ ಹಾಕೋರಿಗೆ ಸಾಕು, ತಗೊಳ್ಳಿ. ಬರೆಯೋರಿಗೆ ಬೇಡ. ಅವರು ಮೊಬೈಲಿನಲ್ಲೇ ಅಲರ್ ನೋಡಲಿ. ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು ಅದು, ಒಂದೂವರೆ ಲಕ್ಷ ಪದ, ಪುಕ್ಕಟೆ. ಸಮಾನಾರ್ಥಕ ಕೋಶ ಅಲ್ಲ ನಿಜ, ಆದರೆ ಒಂದು ಪದಕ್ಕಿರುವ ಬೇರೆ ಬೇರೆ ಅರ್ಥ ಬಿಡಿಸಿ ಕೊಟ್ಟಿದೆ.

ನನಗೆ ಬೇಕಾದ ಪದ ಕೊನೆಗೆ ಬಿಸಿಯೂಟದ ಅಡುಗೆಮನೆಯಲ್ಲಿ ಸಿಕ್ಕಿತು. ಅಡುಗೆ ಅಕ್ಕ ಅಕ್ಕಿ ಹಸನು ಮಾಡುತ್ತಾ, ಅಂದರೆ ಹರಳು ಆರಿಸುತ್ತಾ ಕೂತಿದ್ದರು. ಪತ್ರದ ವಿಷಯ ಹೇಳಿದೆ. "ಆ ಹುಡುಗೀನ್ರಿ? ಆಕಿ ಮಾತ ಹಸನ ಮಾಡಿ ಹೇಳ್ತಾಳ್ರಿ" ಅಂದರು. ಪದಕೋಶದಲ್ಲಿ 'ಹಸನು' ಹುಡುಕಿದೆ. ಇಲ್ಲ. ಪತ್ರದಲ್ಲಿ ವಿವೇಚನೆ ಅಂತಲೇ ಬರೆದೆ, ಕೆಳಗೆ ಆಲಮಟ್ಟಿ ಚರ್ಚೆಯನ್ನು ನಾಲ್ಕು ಸಾಲಿನಲ್ಲಿ ಹಾಗೇ ಇಟ್ಟೆ.

ಇನ್ನೊಂದು, ಬೈಂಡಿಂಗ್ ತೀರಾ ಕಳಪೆ. ತಿಂಗಳಾಗೋದರಲ್ಲಿ 'ತ' ಅಕ್ಷರದ ಪುಟಗಳು ಪೂರ್ತಿ ಕಿತ್ತು ಕೈಗೆ ಬಂದಿವೆ. ಅಂಗಡಿಯವರು ತಗೊಂಡು ಬನ್ನಿ ಸರ್, ಬದಲಿ ಕೊಡ್ತೀನಿ ಅಂದಿದ್ದಾರೆ. ಶನಿವಾರ ಹೋಗಬೇಕು.