ಎಂಜಿನ್‌ಎಕ್ಸ್ ಮುಂದೆ, ಆ್ಯಪ್ ಹಿಂದೆ: ಎಚ್‌ಟಿಟಿಪಿಎಸ್ ಲಿಂಕ್‌ಗಳ ವಿಷಯದಲ್ಲಿ ಇದನ್ನು ವರ್ಷಗಟ್ಟಲೆ ಬಳಸಿದ ಮೇಲೆ

ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಬಗ್ಗೆ ಬರೆಯುವವರೆಲ್ಲ ವೇಗದಿಂದಲೇ ಶುರು ಮಾಡುತ್ತಾರೆ. ವೇಗದ ಬಗ್ಗೆ ನನ್ನ ತಕರಾರಿಲ್ಲ. 2004ರಲ್ಲಿ ಇಗೋರ್ ಸಿಸೋಯೆವ್ ಹೊರಬಿಟ್ಟ ಈ ಸರ್ವರ್ ಒಟ್ಟಿಗೆ ಸಾವಿರಾರು ಕನೆಕ್ಷನ್ ತಡೆದುಕೊಳ್ಳಲಿ ಅಂತಲೇ ಬರೆದದ್ದು, ಆ ಕೆಲಸ ಇವತ್ತಿಗೂ ಸರಿಯಾಗಿಯೇ ಮಾಡುತ್ತದೆ. ನಾನು ಹೇಳಬೇಕಿರುವುದು ಬೇರೆ. ಇದನ್ನು ರಿವರ್ಸ್ ಪ್ರಾಕ್ಸಿಯಾಗಿ (ಬಂದ ರಿಕ್ವೆಸ್ಟನ್ನು ಹಿಂದಿನ ಆ್ಯಪ್‌ಗೆ ದಾಟಿಸುವ ಮಧ್ಯವರ್ತಿಯಾಗಿ) ಮುಂದೆ ನಿಲ್ಲಿಸಿ, ಎಚ್‌ಟಿಟಿಪಿಎಸ್ (ಅಂದರೆ ಎನ್‌ಕ್ರಿಪ್ಟ್ ಆದ ಎಚ್‌ಟಿಟಿಪಿ) ಇಲ್ಲಿಗೇ ಮುಗಿಸಿ, ಹಿಂದಿನ ಆ್ಯಪ್ ಜೊತೆ ಸಾದಾ ಎಚ್‌ಟಿಟಿಪಿಯಲ್ಲಿ ಮಾತಾಡಿಸಿದರೆ ಲಿಂಕ್‌ಗಳ ಗತಿ ಏನಾಗುತ್ತದೆ ಅನ್ನೋದು.

ನಡೆಯುವುದು ಇಷ್ಟೇ. ಬ್ರೌಸರ್ 443ನೇ ಪೋರ್ಟ್‌ಗೆ ಬರುತ್ತದೆ. ಸರ್ಟಿಫಿಕೇಟ್ ಎಂಜಿನ್‌ಎಕ್ಸ್ ಹತ್ತಿರ ಇರುತ್ತದೆ. ಅದು ಎನ್‌ಕ್ರಿಪ್ಷನ್ ಬಿಚ್ಚಿ, ರಿಕ್ವೆಸ್ಟನ್ನು 8080ರಲ್ಲಿ ಕಾಯುತ್ತಿರುವ ಆ್ಯಪ್‌ಗೆ ದಾಟಿಸುತ್ತದೆ. ಆ್ಯಪ್‌ಗೆ ಕಾಣುವುದು ಸಾದಾ ಎಚ್‌ಟಿಟಿಪಿ ಮಾತ್ರ. ಹಾಗಾಗಿ ಪೂರ್ತಿ ವಿಳಾಸ ಬರೆಯಬೇಕಾದ ಕಡೆಯೆಲ್ಲ ಅದು ಎಚ್‌ಟಿಟಿಪಿ ಅಂತಲೇ ಬರೆಯುತ್ತದೆ. ಪಾಸ್‌ವರ್ಡ್ ರೀಸೆಟ್ ಮೇಲ್‌ನ ಲಿಂಕ್ ಹಾಗೇ ಹೋಗುತ್ತದೆ, ಪುಟದೊಳಗಿನ ಸ್ಕ್ರಿಪ್ಟ್‌ಗಳನ್ನು ಮಿಕ್ಸೆಡ್ ಕಂಟೆಂಟ್ (ಎಚ್‌ಟಿಟಿಪಿಎಸ್ ಪುಟದೊಳಗೆ ಸಾದಾ ಎಚ್‌ಟಿಟಿಪಿ ಸಾಮಗ್ರಿ) ಅಂತ ಬ್ರೌಸರ್ ತಡೆಯುತ್ತದೆ, ಬೇರೆ ಸೇವೆಯ ಮೂಲಕ ಲಾಗಿನ್ ಆಗುವಾಗ ವಾಪಸ್ ಬರಬೇಕಾದ ವಿಳಾಸ ಹೊಂದುತ್ತಿಲ್ಲ ಅಂತ ಎರರ್ ಬರುತ್ತದೆ. ಜಾಂಗೋ ಅನ್ನೋ ವೆಬ್ ಫ್ರೇಮ್‌ವರ್ಕ್‌ನಲ್ಲಿ 4.0ರಿಂದ ಈಚೆಗೆ ಇನ್ನೊಂದು ಸೇರಿದೆ: ಫಾರ್ಮ್ ಕಳಿಸಿದರೆ 403, ಅಂದರೆ ಅನುಮತಿ ಇಲ್ಲ ಅನ್ನೋ ಎರರ್. ಬ್ರೌಸರ್ ಹೇಳುವ ಒರಿಜಿನ್ (ಫಾರ್ಮ್ ಬಂದ ಸೈಟ್‌ನ ವಿಳಾಸ) ಎಚ್‌ಟಿಟಿಪಿಎಸ್, ಆ್ಯಪ್ ಅಂದುಕೊಂಡಿರುವುದು ಎಚ್‌ಟಿಟಿಪಿ, ಎರಡೂ ತಾಳೆ ಆಗಲ್ಲ. ನಾಲ್ಕೂ ಬೇರೆ ಬೇರೆ ಕಾಯಿಲೆ ಥರ ಕಾಣುತ್ತವೆ, ಬೇರು ಮಾತ್ರ ಒಂದೇ.

ಕೇಳದೆ ಏನನ್ನೂ ಹೇಳದ ಸ್ವಭಾವ ಎಂಜಿನ್‌ಎಕ್ಸ್‌ದು. ರಿಕ್ವೆಸ್ಟ್ ಎಲ್ಲಿಗೆ ದಾಟಿಸಬೇಕು ಅಂತ ಹೇಳುವ ಪ್ರಾಕ್ಸಿ ಪಾಸ್ ಸಾಲು ಒಂದನ್ನೇ ಬರೆದು ಬಿಟ್ಟರೆ, ಬ್ರೌಸರ್ ಕೇಳಿದ ಹೋಸ್ಟ್ ಹೆಸರು ಕೂಡ ಆ್ಯಪ್‌ಗೆ ಮುಟ್ಟಲ್ಲ. ಅದರ ಜಾಗದಲ್ಲಿ ನೀವು ಆ ಸಾಲಿನಲ್ಲಿ ಬರೆದ ಒಳಗಿನ ವಿಳಾಸ ಹೋಗುತ್ತದೆ. 127.0.0.1:8080 (ಆ ಯಂತ್ರದೊಳಗೆ ಮಾತ್ರ ನಡೆಯುವ ವಿಳಾಸ) ಅಂತ ಲಿಂಕ್ ಇರುವ ಮೇಲ್ ಬಳಕೆದಾರರಿಗೆ ಹೋಗುವುದು ಹೀಗೇ. ರಿಕ್ವೆಸ್ಟ್ ಎಚ್‌ಟಿಟಿಪಿಎಸ್‌ನಲ್ಲಿ ಬಂತು ಅನ್ನೋ ಸುಳಿವಂತೂ ಇಲ್ಲವೇ ಇಲ್ಲ. ಇಂಥ ಮಾಹಿತಿ ಹೋಗುವುದು ಹೆಡರ್‌ಗಳಲ್ಲಿ, ಅಂದರೆ ರಿಕ್ವೆಸ್ಟ್ ಜೊತೆ ಹೋಗುವ ಮಾಹಿತಿ ಸಾಲುಗಳಲ್ಲಿ. ಪ್ರಾಕ್ಸಿ ಸೆಟ್ ಹೆಡರ್ ಅನ್ನೋ ನಿರ್ದೇಶನದಲ್ಲಿ ಹೋಸ್ಟ್ (ಕೇಳಿದ ಸೈಟ್ ಹೆಸರು), ಎಕ್ಸ್-ಫಾರ್ವರ್ಡೆಡ್-ಫಾರ್ (ಬಳಕೆದಾರರ ಐಪಿ ವಿಳಾಸ), ಎಕ್ಸ್-ಫಾರ್ವರ್ಡೆಡ್-ಪ್ರೋಟೋ (ಬಂದದ್ದು ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ) ಮೂರನ್ನೂ ನಾವೇ ಕೂತು ಬರೆಯಬೇಕು. ಕ್ಯಾಡಿ ಅನ್ನೋ ಇನ್ನೊಂದು ವೆಬ್ ಸರ್ವರ್‌ನಲ್ಲಿ ಇದೆಲ್ಲ ತಾನಾಗಿಯೇ ಹೋಗುತ್ತದೆ. ಅಪಾಚೆ ಕೂಡ ಒಂದಿಷ್ಟು ಹೆಡರ್ ತಾನೇ ಸೇರಿಸುತ್ತದೆ, ಆದರೆ ಪ್ರೋಟೋ ಮಾತ್ರ ಅಲ್ಲೂ ಕೈಯಾರೆ ಬರೆಯಬೇಕು.

ಸರಿ, ಮೂರು ಸಾಲು ತಾನೇ, ಬರೆದರಾಯ್ತು ಅಂತೀರಾ? ಇದರ ಅತಿ ಕೆಟ್ಟ ಗುಣ ಇರುವುದು ಇಲ್ಲಿಯೇ. ಈ ಮೂರನ್ನು ಸರ್ವರ್ ಬ್ಲಾಕ್‌ನಲ್ಲಿ (ಕಾನ್ಫಿಗ್‌ನಲ್ಲಿ ಒಂದು ಸೈಟ್‌ಗೆ ಇರುವ ಭಾಗದಲ್ಲಿ) ಬರೆದಿದ್ದೀರಿ ಅಂದುಕೊಳ್ಳಿ. ಒಳಗಿನ ಲೊಕೇಶನ್‌ಗಳಿಗೆಲ್ಲ (ಸೈಟ್‌ನ ಒಂದೊಂದು ಪಾಥ್‌ಗೆ ಬರೆಯುವ ಉಪಭಾಗಗಳಿಗೆಲ್ಲ) ತಾನಾಗಿ ಅನ್ವಯ ಆಗುತ್ತದೆ, ಎಲ್ಲ ಚೆನ್ನಾಗಿರುತ್ತದೆ. ಆಮೇಲೆ ಯಾವಾಗಲೋ ವೆಬ್‌ಸಾಕೆಟ್ (ಬ್ರೌಸರ್ ಜೊತೆ ತೆರೆದೇ ಇರುವ ಕನೆಕ್ಷನ್) ಬೇಕಾಗಿ ಒಂದು ಲೊಕೇಶನ್ ಒಳಗೆ ಅಪ್‌ಗ್ರೇಡ್, ಕನೆಕ್ಷನ್ ಅಂತ ಎರಡು ಹೆಡರ್ ಸೇರಿಸುತ್ತೀರಿ. ಅಲ್ಲಿಗೆ ಆ ಲೊಕೇಶನ್ ಮಟ್ಟಿಗೆ ಮೇಲಿನ ಮೂರೂ ಮಾಯ! ಒಳಗಿನ ಹಂತದಲ್ಲಿ ಇಂಥ ಒಂದೇ ಒಂದು ಸಾಲು ಇದ್ದರೂ ಮೇಲಿನ ಹಂತದಿಂದ ಯಾವುದೂ ಇಳಿದು ಬರುವುದಿಲ್ಲ ಅನ್ನೋದು ಇಲ್ಲಿನ ನಿಯಮ. ದಾಖಲೆಯಲ್ಲಿ ಬರೆದಿದ್ದಾರೆ, ಸುಳ್ಳು ಹೇಳಬಾರದು. ಆದರೆ ಕಾನ್ಫಿಗ್ ಪರೀಕ್ಷೆ ಮಾಡಿದರೆ ಎಲ್ಲ ಸರಿಯಿದೆ ಅಂತಲೇ ಬರುತ್ತದೆ, ಲಾಗ್‌ನಲ್ಲೂ ಚಕಾರ ಇಲ್ಲ. ಸೈಟ್‌ನ ಒಂದು ಮೂಲೆಯಲ್ಲಿ ಮಾತ್ರ ಲಿಂಕ್ ಎಚ್‌ಟಿಟಿಪಿ ಆಗಿದ್ದರೆ ನಾನು ಮೊದಲು ನೋಡುವುದೇ ಇದನ್ನು. ಎಲ್ಲ ಹೆಡರ್‌ಗಳನ್ನೂ ಒಂದು ಚಿಕ್ಕ ಫೈಲ್‌ನಲ್ಲಿಟ್ಟು, ಪ್ರತಿ ಲೊಕೇಶನ್‌ನಲ್ಲೂ ಇನ್‌ಕ್ಲೂಡ್ ಮಾಡುವುದು ನನಗೆ ಒಗ್ಗಿದ ದಾರಿ.

ಇನ್ನು ಮುಗಿಯದ ರೀಡೈರೆಕ್ಟ್. ಆ್ಯಪ್‌ಗೆ ಎಚ್‌ಟಿಟಿಪಿ ಕಾಣುತ್ತದೆ, ಎಚ್‌ಟಿಟಿಪಿಎಸ್‌ಗೆ ಹೋಗು ಅನ್ನುತ್ತದೆ. ಬ್ರೌಸರ್ ಹೋಗುತ್ತದೆ. ಎಂಜಿನ್‌ಎಕ್ಸ್ ಮತ್ತೆ ಎಚ್‌ಟಿಟಿಪಿಯಲ್ಲೇ ಆ್ಯಪ್‌ಗೆ ಕೊಡುತ್ತದೆ, ಆ್ಯಪ್ ಮತ್ತೆ ಅದೇ ಮಾತು ಹೇಳುತ್ತದೆ. ಕೊನೆಗೆ ಬ್ರೌಸರೇ ಸಾಕಾಗಿ ಕೈ ಬಿಡುತ್ತದೆ. ಪ್ರೋಟೋ ಹೆಡರ್ ಇದ್ದೂ ಹೀಗಾಗುತ್ತಿದ್ದರೆ ಎರಡು ಕಡೆ ನೋಡಿ. ಒಂದು, ಎಂಜಿನ್‌ಎಕ್ಸ್‌ಗೂ ಮುಂದೆ ರಿಕ್ವೆಸ್ಟ್‌ಗಳನ್ನು ಹಂಚುವ ಲೋಡ್ ಬ್ಯಾಲೆನ್ಸರೋ, ಪುಟಗಳನ್ನು ಬಳಕೆದಾರರ ಹತ್ತಿರದಿಂದ ಕೊಡುವ ಸಿಡಿಎನ್ನೋ ಕೂತು ಎಚ್‌ಟಿಟಿಪಿಎಸ್ ಅಲ್ಲೇ ಮುಗಿದುಬಿಟ್ಟಿದೆಯಾ? ಆಗ ಎಂಜಿನ್‌ಎಕ್ಸ್‌ನ ಸ್ಕೀಮ್ ವೇರಿಯಬಲ್‌ನಲ್ಲಿ (ತನಗೆ ರಿಕ್ವೆಸ್ಟ್ ಯಾವುದರಲ್ಲಿ ಬಂತು ಅನ್ನೋದನ್ನು ಅದು ಇಟ್ಟುಕೊಳ್ಳುವ ಕಡೆ) ಇರುವುದೇ ಎಚ್‌ಟಿಟಿಪಿ, ಮುಂದಿನವರು ಕಳಿಸಿದ ಸರಿಯಾದ ಹೆಡರನ್ನು ನೀವೇ ಅಳಿಸಿ ತಪ್ಪು ಬರೆದ ಹಾಗಾಗುತ್ತದೆ. ಮ್ಯಾಪ್ ಅನ್ನೋ ನಿರ್ದೇಶನ ಬಳಸಿ, ಬಂದ ಹೆಡರ್ ಇದ್ದರೆ ಅದನ್ನೇ ಉಳಿಸಿಕೊಳ್ಳಿ, ಇಲ್ಲದಿದ್ದರೆ ಮಾತ್ರ ಸ್ಕೀಮ್. ಮುಂದಿನದು ನಿಮ್ಮ ನಂಬಿಕೆಯ ಪ್ರಾಕ್ಸಿ ಆಗಿದ್ದರೆ ಮಾತ್ರ ಈ ಮಾತು.

ಇನ್ನೊಂದು, ಆ್ಯಪ್ ಆ ಹೆಡರನ್ನು ನಂಬುತ್ತಿದೆಯಾ? ಇದರ ಸೆಟ್ಟಿಂಗ್ ಒಂದೊಂದು ಫ್ರೇಮ್‌ವರ್ಕ್‌ನಲ್ಲಿ ಒಂದೊಂದು: ಜಾಂಗೋದಲ್ಲಿ ಸೆಕ್ಯೂರ್ ಪ್ರಾಕ್ಸಿ ಎಸ್‌ಎಸ್‌ಎಲ್ ಹೆಡರ್, ಎಕ್ಸ್‌ಪ್ರೆಸ್‌ನಲ್ಲಿ ಟ್ರಸ್ಟ್ ಪ್ರಾಕ್ಸಿ, ಲಾರಾವೆಲ್‌ನಲ್ಲಿ ಟ್ರಸ್ಟೆಡ್ ಪ್ರಾಕ್ಸಿ ಸೆಟ್ಟಿಂಗ್. ನಂಬಿ ಅಂತ ನಾವು ಹೇಳದೆ ಇವು ನಂಬುವುದಿಲ್ಲ, ನಂಬಬಾರದು ಕೂಡ. ಯಾರು ಬೇಕಾದರೂ ಆ ಹೆಡರ್ ಬರೆದು ಕಳಿಸಬಹುದು, ಅಲ್ವಾ? ಅದಕ್ಕೇ ಆ್ಯಪನ್ನು 127.0.0.1ಕ್ಕೆ ಮಾತ್ರ ಕಟ್ಟಿಹಾಕಿ, 8080 ಹೊರಗಿನವರಿಗೆ ತೆರೆದಿರಬಾರದು.

ಲಿಂಕ್‌ಗಳನ್ನು ಪ್ರಾಕ್ಸಿಯಲ್ಲೇ ತಿದ್ದಿಬಿಡೋಣ ಅನ್ನೋ ಆಸೆ ಎಲ್ಲರಿಗೂ ಬರುತ್ತದೆ. ಪ್ರಾಕ್ಸಿ ರೀಡೈರೆಕ್ಟ್ ತಿದ್ದುವುದು ಉತ್ತರದಲ್ಲಿ ಮುಂದಿನ ವಿಳಾಸ ಹೇಳುವ ಲೊಕೇಶನ್ ಮತ್ತು ರೀಫ್ರೆಶ್ ಹೆಡರ್‌ಗಳನ್ನು ಮಾತ್ರ, ಪುಟದೊಳಗೆ ಕೈ ಹಾಕುವುದಿಲ್ಲ. ಪುಟದೊಳಗೆ ತಿದ್ದಲು ಸಬ್ ಫಿಲ್ಟರ್ ಇದೆ. ಸೋರ್ಸ್‌ನಿಂದ ಬಿಲ್ಡ್ ಮಾಡುವವರು ಆ ಮಾಡ್ಯೂಲನ್ನು ಕೇಳಿ ಸೇರಿಸಿಕೊಳ್ಳಬೇಕು, ಆ್ಯಪ್ ಉತ್ತರವನ್ನು ಜಿಜಿಪ್ ಮಾಡಿ (ಕುಗ್ಗಿಸಿ) ಕಳಿಸಿದರೆ ಕೆಲಸ ಮಾಡಲ್ಲ, ಮೇಲ್‌ನಲ್ಲಿ ಹೋಗುವ ಲಿಂಕ್ ಅಂತೂ ಇದರ ಕೈಗೆ ಸಿಗುವುದೇ ಇಲ್ಲ. ಸೋರ್ಸ್ ಮುಟ್ಟಲಾಗದ ಹಳೇ ಆ್ಯಪ್‌ಗೆ ಸರಿ, ಮಿಕ್ಕವರು ಸುಮ್ನೆ ಆ ದಾರಿ ಹಿಡಿಯಬೇಡಿ. ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಹೋಗಲಿ ಅಂತ ಕುಕಿಗಳಿಗೆ ಸೆಕ್ಯೂರ್ ಗುರುತು ಹಾಕುವ ಪ್ರಾಕ್ಸಿ ಕುಕಿ ಫ್ಲ್ಯಾಗ್ಸ್ ಎಂಜಿನ್‌ಎಕ್ಸ್ 1.19.3ರಲ್ಲಿ ಬಂತು, ಅದು ನಿಜಕ್ಕೂ ಉಪಕಾರ.

ಎಂಜಿನ್‌ಎಕ್ಸ್ ತಾನೇ ಮಾಡುವ ರೀಡೈರೆಕ್ಟ್‌ಗಳೂ ಇವೆ. ಡೈರೆಕ್ಟರಿ ಹೆಸರಿನ ಕೊನೆಗೆ ಸ್ಲ್ಯಾಶ್ ಇಲ್ಲದಿದ್ದರೆ ಸೇರಿಸಿ ಕಳಿಸುತ್ತದೆ, ಕಂಟೇನರ್ ಒಳಗೆ 8080ರಲ್ಲಿ ಓಡುತ್ತಿದ್ದರೆ ಆ ಪೋರ್ಟನ್ನೂ ಸೇರಿಸಿಯೇ ಕಳಿಸುತ್ತದೆ. ಆಬ್ಸಲ್ಯೂಟ್ ರೀಡೈರೆಕ್ಟ್ ಆಫ್ ಮಾಡಿದರೆ ಮುಗೀತು.

ಮೆಚ್ಚುಗೆ ಇರುವುದು ರೀಲೋಡ್ ಬಗ್ಗೆ. ಓಡುತ್ತಿರುವ ಕನೆಕ್ಷನ್ ಕಡಿಯದೆ ಹೊಸ ಕಾನ್ಫಿಗ್ ಎತ್ತಿಕೊಳ್ಳುತ್ತದೆ, ತಪ್ಪಿದ್ದರೆ ಹಳೆಯದರಲ್ಲೇ ನಡೆಯುತ್ತದೆ. ಆದರೆ ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ 90 ದಿನದ ಸರ್ಟಿಫಿಕೇಟ್ ನವೀಕರಣ ಆದಮೇಲೂ ರೀಲೋಡ್ ಮಾಡಲೇಬೇಕು, ಇಲ್ಲದಿದ್ದರೆ ಹಳೆಯದನ್ನೇ ತೋರಿಸುತ್ತಾ ಕೂತಿರುತ್ತದೆ. ಒಂದೆರಡು ಸೈಟ್ ಇಟ್ಟುಕೊಂಡು ಇಷ್ಟೆಲ್ಲ ಯಾರು ನೋಡುತ್ತಾರೆ ಅನ್ನುವವರು ಕ್ಯಾಡಿಯನ್ನೇ ಹಾಕಿಕೊಳ್ಳಿ. ರೂಟಿಂಗ್ ನಿಯಮ, ಕ್ಯಾಶ್, ಹತ್ತಾರು ಆ್ಯಪ್ ಇರುವ ಕಡೆ ನಾನು ಇದನ್ನು ಬಿಡುವುದಿಲ್ಲ.

ಪರೀಕ್ಷೆಯನ್ನು ಮಾತ್ರ ಬ್ರೌಸರ್‌ನಲ್ಲಿ ಮಾಡಬೇಡಿ. ಎಚ್‌ಎಸ್‌ಟಿಎಸ್ (ಇನ್ನು ಎಚ್‌ಟಿಟಿಪಿಎಸ್‌ನಲ್ಲೇ ಬಾ ಅಂತ ಸೈಟ್ ಕಳಿಸುವ ಹೆಡರ್) ಒಮ್ಮೆ ಸಿಕ್ಕಿದ ಬ್ರೌಸರ್ ಆ ಸೈಟ್‌ನ ಎಚ್‌ಟಿಟಿಪಿ ಲಿಂಕನ್ನು ತಾನೇ ಎಚ್‌ಟಿಟಿಪಿಎಸ್ ಮಾಡಿಕೊಂಡು ಹೋಗುತ್ತದೆ. ನಿಮಗೆ ಎಲ್ಲ ಸರಿಯಾಗಿ ಕಾಣುತ್ತದೆ, ಹೊಸಬರಿಗೆ ಕಾಣಲ್ಲ. ಕರ್ಲ್ ಅನ್ನೋ ಕಮಾಂಡ್‌ಲೈನ್ ಸಾಧನದಲ್ಲಿ ಬರೀ ಹೆಡರ್ ತರಿಸಿ, ಲೊಕೇಶನ್ ಮತ್ತು ಸೆಟ್-ಕುಕಿ ಸಾಲು ನೋಡಿ. ಆಮೇಲೆ ನಿಮಗೆ ನೀವೇ ಒಂದು ಪಾಸ್‌ವರ್ಡ್ ರೀಸೆಟ್ ಮೇಲ್ ಕಳಿಸಿಕೊಳ್ಳಿ.