ಟೆಟ್ರಾ ಪ್ಯಾಕ್ ಜ್ಯೂಸನ್ನ ಓಆರ್‌ಎಸ್ ಅಂತ ನಂಬಿ ಮಕ್ಕಳಿಗೆ ಕುಡಿಸ್ಬೇಡಿ

ಚಿಕ್ಕ ಮಕ್ಕಳಿರೋ ಮನೆಯವ್ರು ಇದನ್ನ ಪೂರ್ತಿ ಓದಿ ಪ್ಲೀಸ್, ಮನೇಲಿರೋ ಅಜ್ಜಿ ತಾತಂಗೂ ಓದಿ ಹೇಳಿ, ಮೆಡಿಕಲ್ ಶಾಪಿಗೆ ಹೋಗಿ ತರೋದು ಎಷ್ಟೋ ಸಲ ಅವ್ರೇ.

2025ರ ಬೇಸಿಗೇಲಿ ಅರಸೀಕೆರೆ ಕಡೆ ನಮ್ಮೂರ ಜಾತ್ರೆ ಮುಗಿಸ್ಕೊಂಡು ಬಂದ ಮೇಲೆ ನಮ್ಮಣ್ಣನ ಮಗಳಿಗೆ ಬೇಧಿ ಶುರುವಾಯ್ತು, ಎರಡು ವರ್ಷದ ಮಗು. ಅತ್ತಿಗೆ ಸರಿಯಾಗೇ ಹೇಳಿ ಕಳ್ಸಿದ್ರು, ಓಆರ್‌ಎಸ್ ತನ್ನಿ ಅಂತ, ಅಂದ್ರೆ ಬೇಧಿ ಆದಾಗ ನೀರಲ್ಲಿ ಕಲಸಿ ಕುಡಿಸೋ ಉಪ್ಪು-ಗ್ಲೂಕೋಸ್ ಪುಡಿ. ಅಂಗಡಿಯವ್ನು ಕೊಟ್ಟಿದ್ದು ಆರೆಂಜ್ ಫ್ಲೇವರ್ ಟೆಟ್ರಾ ಪ್ಯಾಕು, ಹೆಸರಲ್ಲೇ ಓಆರ್‌ಎಸ್ ಅಂತ ದಪ್ಪಕ್ಷರದಲ್ಲಿತ್ತು, ಯಾರು ತಾನೇ ಅನುಮಾನ ಪಡ್ತಾರೆ? ಮಗು ಸ್ಟ್ರಾ ಹಾಕ್ಕೊಂಡು ಗಟಗಟ ಕುಡೀತು, ಸದ್ಯ ಕುಡೀತಿದೆಯಲ್ಲ ಅಂತ ಎಲ್ರಿಗೂ ಸಮಾಧಾನ, ಆದ್ರೆ ಕುಡಿದಷ್ಟೂ ಬೇಧಿ ನೀರ್ ನೀರಾಗಿ ಜಾಸ್ತಿ ಆಗ್ತಾ ಹೋಯ್ತು, ಜಾಸ್ತಿ ಆಯ್ತಲ್ಲ ಅಂತ ಇನ್ನೊಂದು ಪ್ಯಾಕ್ ತಂದು ಕುಡಿಸಿದ್ರು.

ಸಾಯಂಕಾಲದ ಹೊತ್ತಿಗೆ ಕಣ್ಣು ಗುಳಿ ಬಿದ್ದಿತ್ತು, ಮಧ್ಯಾಹ್ನದಿಂದ ಉಚ್ಚೆನೇ ಹೊಯ್ದಿಲ್ಲ, ಅಳ್ತಿದೆ ಆದ್ರೆ ಕಣ್ಣೀರು ಬರ್ತಿಲ್ಲ. ಆಸ್ಪತ್ರೇಲಿ ಡಾಕ್ಟ್ರು ಮಗು ಹೊಟ್ಟೆ ಮೇಲಿನ ಚರ್ಮ ಎರಡು ಬೆರಳಲ್ಲಿ ಹಿಡಿದು ಬಿಟ್ರು, ಆ ಮಡಿಕೆ ಹಾಗೇ ನಿಂತ್ಕೊಂಡು ನಿಧಾನಕ್ಕೆ ಇಳೀತು, ಮೈಯಲ್ಲಿ ನೀರು ಇಲ್ಲ ಅನ್ನೋದಕ್ಕೆ ಅದೇ ಗುರುತಂತೆ. ಅಷ್ಟು ಪುಟ್ಟ ಕೈಗೆ ಡ್ರಿಪ್ಸ್ ಹಾಕೋಕೆ ನರಾನೇ ಸಿಗ್ತಿರ್ಲಿಲ್ಲ, ನರ್ಸು ಕೈ ಬಿಟ್ಟು ಕಾಲು ನೋಡಿದ್ರು, ಅತ್ತಿಗೆ ಆಚೆ ಹೋಗ್ಬಿಟ್ರು.

ಏನು ಕುಡಿಸಿದ್ರಿ ಅಂತ ಡಾಕ್ಟ್ರು ಕೇಳಿದಾಗ ಬ್ಯಾಗಲ್ಲಿದ್ದ ಪ್ಯಾಕ್ ಕೊಟ್ವಿ. ತಿರುಗಿಸಿ ಹಿಂದುಗಡೆ ತೋರ್ಸಿದ್ರು, 100 ಎಂಎಲ್‌ಗೆ 10 ಗ್ರಾಂ ಮೇಲೆ ಸಕ್ಕರೆ, ಅಂದ್ರೆ ಲೀಟರಿಗೆ 100 ಗ್ರಾಂ ದಾಟುತ್ತೆ. ನಿಜವಾದ ಓಆರ್‌ಎಸ್‌ನಲ್ಲಿ ಲೀಟರಿಗೆ ಗ್ಲೂಕೋಸ್ ಇರ್ಬೇಕಾಗಿರೋದು 13.5 ಗ್ರಾಂ, ಜೊತೆಗೆ ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ಈ ಲೆಕ್ಕ ಸರಿ ಇದ್ರೆ ಮಾತ್ರ ಕರುಳು ಉಪ್ಪು, ಗ್ಲೂಕೋಸ್ ಜೊತೆ ನೀರನ್ನೂ ಒಳಗೆ ಎಳ್ಕೊಳ್ಳುತ್ತೆ, ಸಕ್ಕರೆ ವಿಪರೀತ ಆದ್ರೆ ಉಲ್ಟಾ, ಮೈಯಲ್ಲಿರೋ ನೀರೇ ಕರುಳಿಗೆ ಬಂದು ಬೇಧೀಲಿ ಹೋಗುತ್ತೆ. ಇದು ಓಆರ್‌ಎಸ್ ಅಲ್ಲ ಅನ್ನೋ ಸಾಲೂ ಆ ಪ್ಯಾಕ್ ಮೇಲೆ ಇತ್ತು, ಇರುವೆ ಸಾಲಿನ ಥರ ಸಣ್ಣಕ್ಷರದಲ್ಲಿ, ಇಂಗ್ಲಿಷಲ್ಲಿ! ನಮ್ಮ ದೊಡ್ಡಪ್ಪನಂಥವ್ರಿಗೆ ಅದನ್ನ ಓದೋಕೆ ಆಗುತ್ತಾ? ಹೀಗೆ ಒಂದು ಸಾಲು ಹಾಕ್ಬಿಟ್ಟು ಓಆರ್‌ಎಸ್ ಹೆಸರಲ್ಲಿ ಮಾರೋಕೆ 2022ರ ಜುಲೈನಿಂದ ಪರ್ಮಿಷನ್ನೇ ಇತ್ತು. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದ್ರು, ಕೊನೆಗೆ 2025ರ ಅಕ್ಟೋಬರ್ 14ಕ್ಕೆ ಕೇಂದ್ರ ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಆ ಪರ್ಮಿಷನ್ ವಾಪಸ್ ತಗೊಂಡು, ಇಂಥ ಡ್ರಿಂಕ್ಸ್ ಹೆಸರಲ್ಲಿ ಓಆರ್‌ಎಸ್ ಅನ್ನೋ ಪದಾನೇ ಬಳಸ್ಬಾರ್ದು ಅಂತ ಆರ್ಡರ್ ಮಾಡ್ತು. ಆ ಹೆಣ್ಮಗಳಿಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲಲ್ಲ.

ಹಾಗಂತ ಆರ್ಡರ್ ಆಯ್ತಲ್ಲ ಅಂತ ಸುಮ್ನಿರ್ಬೇಡಿ. ಮೊನ್ನೆ ಊರಿಗೆ ಹೋದಾಗ ಅದೇ ಅಂಗಡೀಲಿ ನೋಡ್ದೆ, ಹೆಸರು ಬದಲಾಗಿರೋ ಅಂಥದೇ ಬಣ್ಣದ ಪ್ಯಾಕುಗಳು ಓಆರ್‌ಎಸ್ ಪುಡಿ ಪಕ್ಕದಲ್ಲೇ ಸಾಲಾಗಿ ಇಟ್ಟಿದ್ದಾರೆ, ಯಾರಾದ್ರೂ ಬೇಧಿ ಅಂದ್ರೆ ಕೈ ಮೊದ್ಲು ಅಲ್ಲಿಗೇ ಹೋಗುತ್ತೆ. ನಂಗೆ ತುಂಬಾ ಸಿಟ್ಟು ಬಂತು, ಹೇಳಿದ್ದಕ್ಕೆ ಕಸ್ಟಮರ್ಸ್ ಅದನ್ನೇ ಕೇಳ್ತಾರೆ ಮೇಡಂ ಅಂದ.

ನೀವು ಕೇಳ್ಬೇಕಾಗಿರೋದು ಡಬ್ಲ್ಯೂಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಫಾರ್ಮುಲಾ ಅಂತ ಬರ್ದಿರೋ ಪುಡಿ ಪ್ಯಾಕೆಟ್, ಆಶಾ ಕಾರ್ಯಕರ್ತೆಯರ ಹತ್ರ, ಸರ್ಕಾರಿ ಆಸ್ಪತ್ರೇಲಿ ಫ್ರೀಯಾಗೇ ಕೊಡ್ತಾರೆ. ಒಂದು ಲೀಟರಿನ ಪ್ಯಾಕೆಟ್ ಆದ್ರೆ ಪೂರ್ತಿ ಪುಡಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೇ ಹಾಕ್ಬೇಕು, ಲೋಟಕ್ಕೆ ಅಂದಾಜಲ್ಲಿ ಒಂದೊಂದು ಚಮಚ ಹಾಕೋದು ಬೇಡ್ವೇ ಬೇಡ, ಉಪ್ಪು ಹೆಚ್ಚಾದ್ರೂ ಮಗೂಗೆ ಅಪಾಯ. ಕಲಸಿದ್ದು 24 ಗಂಟೆ ಆದ್ರೆ ಚೆಲ್ಲಿ. ರುಚಿ ಉಪ್ಪುಪ್ಪಾಗಿರುತ್ತೆ, ಮಗು ಮುಖ ಸಿಂಡರಿಸುತ್ತೆ, ಆದ್ರೂ ಚಮಚದಲ್ಲಿ ಸ್ವಲ್ಪ ಸ್ವಲ್ಪಾನೇ ಕೊಡ್ತಾ ಇರಿ, ವಾಂತಿ ಆದ್ರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಎರಡು ವರ್ಷದೊಳಗಿನ ಮಗೂಗೆ ಪ್ರತಿ ಸಲ ಬೇಧಿ ಆದ್ಮೇಲೆ 50ರಿಂದ 100 ಎಂಎಲ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ಎದೆಹಾಲು ನಿಲ್ಲಿಸ್ಬೇಡಿ, ಊಟಾನೂ ನಿಲ್ಲಿಸ್ಬೇಡಿ, ಬೇಧಿ ನಿಲ್ಲೋವರೆಗೂ ಹೊಟ್ಟೆ ಖಾಲಿ ಬಿಡ್ಬೇಕು ಅಂತ ಹಿರಿಯರು ಹೇಳ್ತಾರಲ್ಲ ಅದು ತಪ್ಪು, ಮೆತ್ತಗಿನ ಮೊಸರನ್ನ, ಗಂಜಿ, ಬಾಳೆಹಣ್ಣು ಕೊಡ್ಬಹುದು. ಜಿಂಕ್ ಮಾತ್ರೇನೂ ಡಾಕ್ಟ್ರನ್ನ ಕೇಳಿ, ಬೇಧಿ ನಿಂತ್ರೂ ಅವ್ರು ಹೇಳಿದಷ್ಟು ದಿನ ಪೂರ್ತಿ ಕೊಡ್ಬೇಕು.

ಮಲದಲ್ಲಿ ರಕ್ತ ಕಂಡ್ರೆ, ಮಗು ಏನೂ ಕುಡೀದೆ ಮಂಕಾಗಿ ಮಲ್ಕೊಂಡೇ ಇದ್ರೆ, ಉಚ್ಚೆ ನಿಂತ್ರೆ ರಾತ್ರಿ ಆಗಿದ್ರೂ ಆಸ್ಪತ್ರೆಗೆ ಹೊರಡಿ, ದಾರೀಲೂ ಓಆರ್‌ಎಸ್ ಕುಡಿಸ್ತಾನೇ ಇರಿ, ನುಂಗೋ ಸ್ಥಿತೀಲಿ ಇದ್ರೆ ಮಾತ್ರ.