ಕೈಯಲ್ಲಿ ಕೆತ್ತಿದ ಚರ್ಮದ ಸೀಟು ಅಂತ 16,500 ಕೊಟ್ಟೆ, ಬಂದದ್ದು ರೆಕ್ಸಿನ್

ಬುಲೆಟ್‌ಗೆ ಚರ್ಮದ ಸೀಟು ಮಾಡಿಸೋ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ, ಆಮೇಲೆ ಅಡ್ವಾನ್ಸ್ ಹಾಕಿ. ನಾನು ಯಾರನ್ನೂ ಕೇಳದೆ ಹಾಕಿದೆ. 16,500 ರೂಪಾಯಿ ಹೋಯಿತು. ದುಡ್ಡಿಗಿಂತ ಹೆಚ್ಚು ಸಿಟ್ಟು ಬರೋದು ಬೇರೆ ಕಾರಣಕ್ಕೆ, ಅದನ್ನೇ ಹೇಳ್ತೀನಿ.

ನಮ್ಮದು ಕೊಪ್ಪಳ. ಗಾಡಿ ಅಪ್ಪನದು, 1994ರ ಬುಲೆಟ್. ಅಪ್ಪ ಮೇಷ್ಟ್ರಾಗಿ ರಿಟೈರ್ ಆದರು, ಈಗಲೂ ಹೊಲಕ್ಕೆ ಅದರಲ್ಲೇ ಹೋಗ್ತಾರೆ. ಸೀಟು ಹರಿದು ಸ್ಪಂಜು ಹೊರಗೆ ಬಂದಿತ್ತು. ಬಜಾರದಲ್ಲಿ ಸಾವಿರ, ಸಾವಿರದೈನೂರಕ್ಕೆ ಹೊಸ ಕವರ್ ಹಾಕಿಕೊಡ್ತಾರೆ, ಎಲ್ಲರಿಗೂ ಗೊತ್ತಿರೋದೇ. ಆದರೆ ನನಗೆ ಅಪ್ಪನಿಗೆ ಒಂದು ಒಳ್ಳೆಯದು ಮಾಡಿಸಿಕೊಡಬೇಕು ಅಂತಿತ್ತು. ಫೋನಿನಲ್ಲಿ ಬಳ್ಳಾರಿ ಕಡೆಯವರ ಒಂದು ಪುಟ ಕಂಡಿತು. 'ಅಪ್ಪಟ ಚರ್ಮ, ನೂರಕ್ಕೆ ನೂರು ಕೈಕೆಲಸ, ನೀವು ಹೇಳಿದ ಚಿತ್ರ.' ಹೆಸರು ಹಾಕಲ್ಲ. ಹಾಕಿದರೆ ನಾಳೆ ಬೇರೆ ಹೆಸರಲ್ಲಿ ಬರ್ತಾರೆ. ಅದಕ್ಕೇ ಹೆಸರು ಬಿಡಿ, ಮಾಲು ಗುರುತಿಸೋದು ಕಲೀರಿ.

ನಾನು ಕೇಳಿದ್ದು ನಡುವೆ ಗಂಡಭೇರುಂಡ, ಸುತ್ತ ಎಲೆ ಬಳ್ಳಿ, ಎಡಗಡೆ ಮೂಲೆಯಲ್ಲಿ ಅಪ್ಪನ ಹೆಸರಿನ ಮೊದಲ ಅಕ್ಷರ 'ಬ'. ದಸರಾ ಹೊತ್ತಿಗೆ 10,000 ಫೋನ್ ಪೇ ಮಾಡಿದೆ. 20 ದಿನ ಅಂದರು. ಇಪ್ಪತ್ತು ದಿನಕ್ಕೆ ಕೇಳಿದರೆ "ಅಣ್ಣಾ, ಕೈಕೆಲಸ ಐತೆ, ಅವಸರ ಮಾಡಿದ್ರೆ ಕೆಡ್ತೈತೆ" ಅಂದರು. ನಿಜ ಅಂದುಕೊಂಡೆ. ಕಿನ್ನಾಳ ನಮ್ಮ ಪಕ್ಕದಲ್ಲೇ ಇದೆ. ಒಂದು ಗೊಂಬೆಗೆ ಬಣ್ಣ ಹಚ್ಚಿ, ಒಣಗಿಸಿ, ಮತ್ತೆ ಹಚ್ಚೋದನ್ನು ಚಿಕ್ಕವನಿದ್ದಾಗಿಂದ ನೋಡಿದ್ದೀನಿ. ಕೈಕೆಲಸಕ್ಕೆ ಹೊತ್ತು ಹಿಡಿಯುತ್ತೆ ಅನ್ನೋ ಮಾತನ್ನು ನಾನು ಹೇಗೆ ಬೇಡ ಅನ್ನಲಿ? ಆ ಗೌರವವನ್ನೇ ಅವರು ಬಳಸಿಕೊಂಡರು.

ನಡುವೆ ಒಂದು ವಿಡಿಯೋ ಕಳಿಸಿದರು. ಒಬ್ಬರು ಒದ್ದೆ ಚರ್ಮದ ಮೇಲೆ ಸಣ್ಣ ಚಾಕುವಿನಿಂದ ಗೆರೆ ಕೊಯ್ದು, ಗೆರೆಯ ಪಕ್ಕಕ್ಕೆ ಕಬ್ಬಿಣದ ಕಡ್ಡಿ ಇಟ್ಟು ಟಕ್ ಟಕ್ ಅಂತ ಸುತ್ತಿಗೆಯಿಂದ ಹೊಡೀತಾರೆ, ಹೂವು ಎದ್ದು ನಿಲ್ಲುತ್ತೆ. "ನಿಮ್ಮದೇ ನಡೀತೈತೆ ಅಣ್ಣಾ" ಅಂದರು. ನಾನು ಹತ್ತು ಸಲ ನೋಡಿದೆ. ಅಮ್ಮನಿಗೂ ತೋರಿಸಿದೆ. ಅದರಲ್ಲಿ ಗಂಡಭೇರುಂಡ ಇರಲಿಲ್ಲ ಅನ್ನೋದು ಆಗ ತಲೆಗೇ ಬರಲಿಲ್ಲ. ಆಮೇಲೆ ಹುಡುಕಿದಾಗ ಗೊತ್ತಾಯಿತು, ಅದು ಅಮೆರಿಕದಲ್ಲಿ ಕುದುರೆ ಜೀನಿನ ಮೇಲೆ ಮಾಡೋ ಹೂಬಳ್ಳಿ ಕೆಲಸ. ವಯೋಮಿಂಗ್‌ನ ಶೆರಿಡನ್ ಅನ್ನೋ ಊರಿನ ಹೆಸರಲ್ಲೇ ಆ ಶೈಲಿ ಇದೆ. ಯಾರದೋ ಕೈ, ಯಾರದೋ ಬೆವರು, ಅದನ್ನು ನನಗೆ ನನ್ನ ಸೀಟು ಅಂತ ತೋರಿಸಿದರು.

ಜನವರಿಯಲ್ಲಿ ಗವಿಮಠದ ಜಾತ್ರೆಗೆ ಮುಂಚೆ ಸೀಟು ಬಂತು. ಉಳಿದ 6,500 ಕೊಟ್ಟು ಬಿಡಿಸಿಕೊಂಡೆ. ನೋಡೋಕೆ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಕಂದು ಬಣ್ಣ, ಉಬ್ಬಿದ ಗಂಡಭೇರುಂಡ. ಜಾತ್ರೆಯಲ್ಲಿ ಸಿಕ್ಕ ಸಿಕ್ಕವರಿಗೆಲ್ಲ ತೋರಿಸಿದೆ. ಅಪ್ಪ ಏನೂ ಹೇಳಲಿಲ್ಲ, ಆದರೆ ಗಾಡಿ ನಿಲ್ಲಿಸಿದಾಗಲೆಲ್ಲ ಇಳಿದು ಟವೆಲ್ಲಿನಿಂದ ಒರೆಸ್ತಿದ್ದರು.

ಏಪ್ರಿಲ್ ಬಂತು. ನಮ್ಮ ಕಡೆ ಬಿಸಿಲು ಹೇಗಿರುತ್ತೆ ಹೇಳಬೇಕಿಲ್ಲ. ಒಂದು ಮಧ್ಯಾಹ್ನ ಅಪ್ಪ ಹೊಲದಿಂದ ಬಂದು ಇಳಿದರು, ಬಿಳಿ ಧೋತರದ ಹಿಂದೆ ಅಂಗೈ ಅಗಲ ಕಂದು ಕಲೆ. ಅಮ್ಮ ಎರಡು ಸಲ ಸೋಪು ಹಾಕಿ ಉಜ್ಜಿದರು, ಹೋಗಲಿಲ್ಲ. ಹೋಗಿ ಸೀಟು ನೋಡಿದರೆ ಗಂಡಭೇರುಂಡದ ಒಂದು ಕೊಕ್ಕು ಮಾಯ. ರೆಕ್ಕೆಯ ಗೆರೆಗಳು ಉಬ್ಬು ಇಳಿದು ಸಪಾಟಾಗಿದ್ದವು. ಕೆತ್ತಿದ್ದು ಹೇಗೆ ಇಳಿಯುತ್ತೆ?

ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯೋ ಅಜ್ಜ ಒಬ್ಬರಿದ್ದಾರೆ. ಸೀಟು ಬಿಚ್ಚಿಕೊಂಡು ಅವರ ಹತ್ತಿರ ಹೋದೆ. ಅವರು ಮೇಲೆ ನೋಡಲೇ ಇಲ್ಲ. ನೇರ ತಲೆಕೆಳಗೆ ಮಾಡಿ, ಇಕ್ಕಳದಿಂದ ಎರಡು ಪಿನ್ನು ಕಿತ್ತು, ಮಡಿಸಿದ ಅಂಚನ್ನು ಎತ್ತಿ ನನ್ನ ಕಡೆ ಹಿಡಿದರು. ಒಳಗಡೆ ಬಿಳಿ ಬಟ್ಟೆ. ನೂಲು ಹಿಂಜಿ ಹೊರಗೆ ಬಂದಿತ್ತು.

"ತಮ್ಮಾ, ಇದರಾಗ ಅರಿವಿ ಐತಿ ನೋಡು. ದನದ ಮೈಯಾಗ ಅರಿವಿ ಬೆಳೀತದೇನು?"

ಅಷ್ಟೇ. ಆ ಮಾತು ಕೇಳಿ ನಿಂತಲ್ಲೇ ಮುಖ ಬಿಸಿಯಾಯಿತು. ಪಕ್ಕದಲ್ಲಿ ಇಬ್ಬರು ಚಪ್ಪಲಿ ರಿಪೇರಿಗೆ ನಿಂತಿದ್ದರು, ಅವರೂ ಬಗ್ಗಿ ನೋಡಿದರು. ಅಜ್ಜ ಅಲ್ಲಿಗೆ ಬಿಡಲಿಲ್ಲ. ತಮ್ಮ ಹತ್ತಿರ ಇದ್ದ ಅಟ್ಟೆ ಚರ್ಮದ ಒಂದು ತುಂಡನ್ನು ನೀರಲ್ಲಿ ಅದ್ದಿ ತೆಗೆದು, ಉಗುರಿನಿಂದ ಗಟ್ಟಿಯಾಗಿ ಒತ್ತಿದರು. ಗುರುತು ಹಾಗೇ ನಿಂತಿತು. ಒಣಗಿದ ಮೇಲೂ ಹೋಗಲ್ಲ ಅಂದರು. ಆಮೇಲೆ ನನ್ನ ಸೀಟಿನ ಅಂಚಿಗೆ ನೀರು ಹಚ್ಚಿದರು. ನೀರು ಹನಿ ಹನಿಯಾಗಿ ಜಾರಿತು. ಒತ್ತಿದರೆ ಹಿಂದಕ್ಕೆ ಎದ್ದಿತು.

ಇದೇ ಇಡೀ ಕೆಲಸದ ಗುಟ್ಟು ಅಂತ ಈಗ ತಿಳಿದುಕೊಂಡಿದ್ದೀನಿ. ತಂಗಡಿ ತೊಗಟೆ, ಅಳಲೆಕಾಯಿ ಥರದ್ದರಲ್ಲಿ ಹದ ಮಾಡಿದ ಚರ್ಮ ನೀರು ಕುಡಿದು ಮೆತ್ತಗಾಗುತ್ತೆ, ಆಗ ಹೊಡೆದ ಏಟು ಒಣಗಿದ ಮೇಲೆ ಉಳಿಯುತ್ತೆ. ಜಾಕೆಟ್‌ಗೆ ಹಾಕೋ ಕ್ರೋಮ್ ಚರ್ಮ, ಅಂದರೆ ತೊಗಟೆ ಬದಲು ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು, ಅದೂ ಅಪ್ಪಟ ಚರ್ಮವೇ, ಆದರೂ ಅದರ ಮೇಲೆ ಈ ಉಬ್ಬು ಕೆಲಸ ಸರಿಯಾಗಿ ನಿಲ್ಲಲ್ಲ. ರೆಕ್ಸಿನ್‌ಗಂತೂ ಕಾಯಿಸಿದ ಅಚ್ಚು ಒತ್ತಿ ಬಿಡ್ತಾರೆ. ಅಚ್ಚು ಅಂತ ನನಗೂ ಕಾಣಬೇಕಿತ್ತು. ಬಳ್ಳಿಯಲ್ಲಿ ಪ್ರತಿ ಎಲೆಯ ತುದಿಯಲ್ಲೂ ಒಂದೇ ಜಾಗಕ್ಕೆ ಸಣ್ಣ ಕಚ್ಚು ಇತ್ತು. ಎಲ್ಲ ಎಲೆಗೂ ಒಂದೇ ತಪ್ಪು! ಕೈ ಹಾಗೆ ತಪ್ಪು ಮಾಡಲ್ಲ. ಕೆತ್ತೋ ಚರ್ಮ ಮೂರು, ನಾಲ್ಕು ಮಿಲಿಮೀಟರ್ ದಪ್ಪ ಇರುತ್ತೆ. ಅದನ್ನು ರೆಕ್ಸಿನ್ ಥರ ಎಳೆದು ಮೂಲೆಯಲ್ಲಿ ಮಡಿಸಿ ಪಿನ್ನು ಹೊಡೆಯೋದು ಸುಲಭ ಅಲ್ಲ, ಪಕ್ಕದ ತುಂಡು ಬೇರೆ ಕತ್ತರಿಸಿ ಹೊಲೀಬೇಕು. ನನ್ನದರಲ್ಲಿ ಪಕ್ಕಕ್ಕೆ ಒಂದು ಹೊಲಿಗೆಯೂ ಇರಲಿಲ್ಲ.

ಅಜ್ಜ ದುಡ್ಡು ತಗೊಳ್ಳಲಿಲ್ಲ. ಹಾಗೇ ಪಿನ್ನು ಹೊಡೆದು ಕೊಟ್ಟರು.

ಈಗ ಸೀಟು ಮಾಡಿಕೊಟ್ಟವರ ಉತ್ತರಗಳು. ಫೋಟೊ ಕಳಿಸಿದೆ. ಮೊದಲು "ಬಿಸಿಲಾಗೆ ನಿಲ್ಲಿಸಿದ್ರೆ ಹಂಗೇ ಆಗೋದು ಅಣ್ಣಾ, ಚರ್ಮಕ್ಕೆ ನೆರಳು ಬೇಕು" ಅಂದರು. ಬೈಕಿನ ಸೀಟು, ಬಳ್ಳಾರಿಯವರೇ ಹೇಳ್ತಾರೆ ಬಿಸಿಲು ಬೇಡ ಅಂತ! ಒಳಗಿನ ಬಟ್ಟೆಯ ಫೋಟೊ ಕಳಿಸಿದೆ. ಒಂದು ದಿನ ಉತ್ತರ ಇಲ್ಲ. ಮಾರನೇ ದಿನ ಅಣ್ಣ ಹೋಗಿ ಸಾರ್ ಆಗಿದ್ದೆ. "ಸಾರ್, ಪ್ರೀಮಿಯಂ ಲೆದರ್ ಅಂದ್ರೆ ಲೆದರ್ ಫಿನಿಶ್ ಅಂತ ಅರ್ಥ." ನೀವು ಅಪ್ಪಟ ಚರ್ಮ ಅಂತ ಹಾಕಿದ್ದೀರಲ್ಲ ಅಂದೆ. "ಒರಿಜಿನಲ್ ಬೇಕಿದ್ರೆ 35,000 ಆಗ್ತಿತ್ತು, ನೀವು ಕೇಳಲಿಲ್ಲ." ನಾನು ಕೇಳಲಿಲ್ಲವಂತೆ! ಮೊದಲ ದಿನದ ಮೆಸೇಜಲ್ಲೇ ಕೇಳಿದ್ದೀನಿ, "ಫುಲ್ ಒರಿಜಿನಲ್ ಅಣ್ಣಾ" ಅಂತ ಅವರೇ ಬರೆದದ್ದು ಇನ್ನೂ ಇದೆ. ಅದನ್ನು ಕಳಿಸಿದೆ. ಬ್ಲಾಕ್ ಮಾಡಿದರು.

ತಮ್ಮನ ನಂಬರಿಂದ ಫೋನ್ ಮಾಡಿದೆ. ನನ್ನ ದನಿ ಕೇಳಿ "ಸಾರ್, ಮೂರು ತಿಂಗಳು ಕೂತು ಓಡಾಡಿದ ಮೇಲೆ ವಾಪಸ್ ಅಂದ್ರೆ ಹೆಂಗೆ?" ಅಂತ ಕಟ್ ಮಾಡಿದರು. ಆ ಮಾತು ಇನ್ನೂ ಚುಚ್ಚುತ್ತೆ. ಕೂತದ್ದು ನಮ್ಮ ತಪ್ಪು ಅನ್ನೋ ಥರ.

ದುಡ್ಡು ಕೊಡೋ ಮುಂಚೆ ಅದೇ ಚರ್ಮದ ಒಂದು ತುಂಡು ತರಿಸಿಕೊಳ್ಳಿ. ಒದ್ದೆ ಮಾಡಿ ಉಗುರು ಒತ್ತಿ. ಒಂದು ಎಳೆ ಸುಡಿ, ಚರ್ಮ ಆದರೆ ಕೂದಲು ಸುಟ್ಟ ವಾಸನೆ, ರೆಕ್ಸಿನ್ ಆದರೆ ಪ್ಲಾಸ್ಟಿಕ್ ಥರ ಕರಗುತ್ತೆ. ವಿಡಿಯೋ ಕೇಳಿದರೆ ನಿಮ್ಮ ಚಿತ್ರದ್ದೇ ಕೇಳಿ. ಬಿಲ್ಲಿನಲ್ಲಿ 'ಚರ್ಮ' ಅಂತ ಬರೆಸಿ. ನನ್ನ ಹತ್ತಿರ ಬಿಲ್ಲೇ ಇಲ್ಲ, ಮೆಸೇಜು ಮತ್ತು ಫೋನ್ ಪೇ ಇಟ್ಟುಕೊಂಡು 1915ಕ್ಕೆ ಫೋನ್ ಮಾಡಿ ಗ್ರಾಹಕ ದೂರು ಕೊಟ್ಟಿದ್ದೀನಿ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಫೀಸು ಇಲ್ಲ, ದುಡ್ಡು ಸಣ್ಣದು ಅಂತ ಸುಮ್ಮನಾಗಬೇಡಿ.

ಅಪ್ಪ ಮಾತ್ರ "ಹೋಗ್ಲಿ ಬಿಡೋ, ಕುಂದ್ರಾಕ ಮೆತ್ತಗೈತಲ್ಲ" ಅಂತಾರೆ. ಈಗ ಸೀಟಿನ ಮೇಲೆ ಹಳೇ ಟವೆಲ್ ಹಾಸಿಕೊಂಡು ಹೊಲಕ್ಕೆ ಹೋಗ್ತಾರೆ.

ನನ್ನ ಸೀಟಿನ ಫೋಟೊ ಇವತ್ತಿಗೂ ಅವರ ಪುಟದಲ್ಲಿ 'ನಮ್ಮ ಕೈಕೆಲಸ' ಅಂತ ಇದೆ. ಗಂಡಭೇರುಂಡ, ಎಲೆ ಬಳ್ಳಿ, ಎಡಗಡೆ ಮೂಲೆಯಲ್ಲಿ 'ಬ'. ಎಲ್ಲಾದರೂ ಆ ಫೋಟೊ ಕಂಡರೆ, ಅದು ನಮ್ಮಪ್ಪನ ಸೀಟು. ಅದು ರೆಕ್ಸಿನ್.